ಸ್ಪೇನಿನ ಖಾಲಿ ರಸ್ತೆಗಳು: ಆ ಮೌನ ಎಲ್ಲಿಂದ ಬಂತು?

ಫೋನ್ ಕೈಯಲ್ಲೇ ಇದ್ದರೆ ಮ್ಯಾಪ್ ತೆರೆದು ‘ಟೆರುಯೆಲ್’ ಅಂತ ಹುಡುಕಿ. ಗಾಡಿ ಓಡಿಸ್ತಾ ಇದ್ದರೆ ಬೇಡ, ಮನೆಗೆ ಹೋದಮೇಲೆ ನೋಡಿ. ಸ್ಪೇನಿನ ಪೂರ್ವಭಾಗ, ಮ್ಯಾಡ್ರಿಡ್‌ಗೂ ವಲೆನ್ಸಿಯಾಕ್ಕೂ ನಡುವೆ ಸ್ವಲ್ಪ ಮೇಲಕ್ಕೆ. ಅಲ್ಲಿ ದಾರದಂತೆ ಸುತ್ತಿಕೊಂಡ ಸಣ್ಣ ಸಣ್ಣ ರಸ್ತೆಗಳು ಕಾಣ್ತವೆ. ಯಾವುದಾದರೂ ಒಂದರ ಮೇಲೆ ಸ್ಟ್ರೀಟ್ ವ್ಯೂ ಇಳಿಸಿ ನೋಡಿ. ಒಳ್ಳೆ ಡಾಂಬರು, ಸುಣ್ಣದಕಲ್ಲಿನ ಬೆಟ್ಟ, ಪೈನ್ ಮರಗಳು. ಗಾಡಿ ಮಾತ್ರ ಒಂದೂ ಇಲ್ಲ. ಹತ್ತು ಸಲ ಮುಂದಕ್ಕೆ ಒತ್ತಿದರೂ ಒಂದು ಕಾರು ಸಿಗೋದು ಕಷ್ಟ.

ರೋಡ್ ಸೈಕ್ಲಿಂಗ್ ಮಾಡುವವರಿಗೆ ಇದು ಸ್ವರ್ಗ. ಯುರೋಪಿನ ಬೇರೆ ಬೇರೆ ದೇಶಗಳಿಂದ ಜನ ಸೈಕಲ್ ಪ್ಯಾಕ್ ಮಾಡಿಕೊಂಡು ಸ್ಪೇನಿಗೆ ಹೋಗೋದು ಬಿಸಿಲಿಗಾಗಿ ಮಾತ್ರ ಅಲ್ಲ, ಈ ಖಾಲಿ ರಸ್ತೆಗಳಿಗಾಗಿ ಕೂಡ. ಅಲ್ಲಿನ ಕಾನೂನು ಸಹ ಸೈಕಲ್‌ನವರ ಪರ: ಸೈಕಲನ್ನು ದಾಟುವ ಕಾರು ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡಲೇಬೇಕು. ಒಂದೇ ದಿಕ್ಕಿಗೆ ಎರಡು ಲೇನ್ ಇದ್ದರೆ ಪೂರ್ತಿ ಪಕ್ಕದ ಲೇನಿಗೇ ಹೋಗಿ ದಾಟಬೇಕು ಅಂತ 2022ರಿಂದ ನಿಯಮ ಬಂದಿದೆ.

ಆದರೆ ಇದು ಟ್ರಾವೆಲ್ ಸಂಚಿಕೆ ಅಲ್ಲ, ಇತಿಹಾಸದ್ದು. ನಮ್ಮ ಪ್ರಶ್ನೆ ಸರಳ. ಇಷ್ಟು ಚೆನ್ನಾಗಿರುವ ರಸ್ತೆಯಲ್ಲಿ ಜನ ಯಾಕಿಲ್ಲ? ಯಾರೂ ಓಡಾಡದ ಕಡೆ ರಸ್ತೆ ಮಾಡಿದ್ದಾದರೂ ಯಾಕೆ?

ಮೊದಲು ಒಂದು ಅಂದಾಜು ಕೊಡ್ತೀನಿ. ಟೆರುಯೆಲ್ ಪ್ರಾಂತ್ಯದ ವಿಸ್ತೀರ್ಣ ಸುಮಾರು 14,800 ಚದರ ಕಿಲೋಮೀಟರ್. ನಮ್ಮ ಬೆಳಗಾವಿ ಜಿಲ್ಲೆಗಿಂತ ಸ್ವಲ್ಪ ದೊಡ್ಡದು. ಬೆಳಗಾವಿಯಲ್ಲಿ 2011ರ ಜನಗಣತಿ ಪ್ರಕಾರ ಹತ್ತಿರ ಹತ್ತಿರ 48 ಲಕ್ಷ ಜನ. ಟೆರುಯೆಲ್‌ನಲ್ಲಿ? ಒಂದು ಲಕ್ಷ ಮೂವತ್ತು ಸಾವಿರದ ಆಸುಪಾಸು. ಚದರ ಕಿಲೋಮೀಟರಿಗೆ ಒಂಬತ್ತು ಮಂದಿ. ಅದರ ವಾಯವ್ಯಕ್ಕಿರುವ ಸೋರಿಯಾ ಪ್ರಾಂತ್ಯದ್ದೂ ಇದೇ ಕಥೆ, ಅಲ್ಲೂ ಒಂಬತ್ತೇ. ಹಾಗಂತ ಇದು ಮೊದಲಿನಿಂದಲೂ ಖಾಲಿ ಸೀಮೆ ಅಲ್ಲ. 1910ರಲ್ಲಿ ಟೆರುಯೆಲ್‌ನಲ್ಲಿ ಎರಡೂವರೆ ಲಕ್ಷ ಜನ ಇದ್ದರು. 1950ರಲ್ಲಿ ಸೋರಿಯಾದಲ್ಲಿ ಒಂದು ಲಕ್ಷ ಅರವತ್ತು ಸಾವಿರ ಇದ್ದದ್ದು ಈಗ ತೊಂಬತ್ತು ಸಾವಿರದ ಆಸುಪಾಸು. ಇಷ್ಟು ಜನ ಎಲ್ಲಿಗೆ ಹೋದರು ಅನ್ನೋದೇ ನಮ್ಮ ಕಥೆ.

ರಸ್ತೆಯಿಂದಲೇ ಶುರುಮಾಡೋಣ. 1759ರಲ್ಲಿ, ರಾಜ ಆರನೇ ಫರ್ನಾಂಡೋ ಕಾಲದಲ್ಲಿ, ಸ್ಪೇನಿನಲ್ಲಿ ‘ಪಿಯೋನ್ ಕಮಿನೇರೋ’ ಅನ್ನೋ ಹುದ್ದೆ ಹುಟ್ಟಿತು. ಅಂದ್ರೆ ರಸ್ತೆ ಕೂಲಿ. ರೈಲು ಹಳಿಗೆ ಗ್ಯಾಂಗ್‌ಮನ್ ಇರ್ತಾರಲ್ಲ, ಹಾಗೆ ರಸ್ತೆಗೊಬ್ಬ. ಪ್ರತಿ ಲೆಗುವಾಗೆ, ಅಂದ್ರೆ ಸುಮಾರು ಐದೂವರೆ ಕಿಲೋಮೀಟರಿಗೆ, ಒಬ್ಬ ಆಳು. ಗುಂಡಿ ಮುಚ್ಚೋದು, ಚರಂಡಿ ಬಿಡಿಸೋದು, ಕಲ್ಲು ಒಡೆದು ಹಾಸೋದು, ಹಿಮ ಬಿದ್ದರೆ ಸರಿಸೋದು. ಮುಂದೆ ಅವರಿಗಾಗಿ ರಸ್ತೆ ಪಕ್ಕದಲ್ಲೇ ಸಣ್ಣ ಮನೆಗಳನ್ನು ಕಟ್ಟಿಸಿದರು. ಹಳೇ ಹೆದ್ದಾರಿಗಳಲ್ಲಿ ಸೈಕಲ್ ತುಳಿಯುವಾಗ ಆ ಮನೆಗಳು ಇವತ್ತಿಗೂ ಸಿಗ್ತವೆ. ಸೂರು ಕುಸಿದು, ಬಾಗಿಲು ಹೋಗಿ, ಒಳಗೆ ಅಂಜೂರದ ಗಿಡ ಬೆಳೆದು. ಆ ಕಟ್ಟಡ ಯಾವುದು ಅಂತ ಗೊತ್ತಿಲ್ಲದವರು ಅದನ್ನು ದನದ ಕೊಟ್ಟಿಗೆ ಅಂದುಕೊಂಡು ಮುಂದೆ ಹೋಗ್ತಾರೆ. ಅಲ್ಲೊಂದು ಸಂಸಾರ ಇತ್ತು. ಬೀದಿಯೇ ಅವರ ಹೊಲ.

ಇನ್ನು ಒಳನಾಡಿನ ಸಣ್ಣ ರಸ್ತೆಗಳು. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಅಲ್ಲಿನ ಸಂಸತ್ತಿನ ಸದಸ್ಯರಿಗೆ ಒಂದು ಚಟ ಹತ್ತಿತ್ತು: ತಮ್ಮ ಕ್ಷೇತ್ರದ ಹಳ್ಳಿಗೊಂದು ರಸ್ತೆಯನ್ನು ಸರ್ಕಾರದ ಯೋಜನಾಪಟ್ಟಿಗೆ ಸೇರಿಸೋದು, ಅದನ್ನು ತೋರಿಸಿ ಓಟು ಕೇಳೋದು. ಇವಕ್ಕೆ ‘ಪಾರ್ಲಿಮೆಂಟ್ ರಸ್ತೆಗಳು’ ಅನ್ನೋ ಅಡ್ಡಹೆಸರೇ ಬಿತ್ತು. ಎಂಜಿನಿಯರುಗಳು ತಲೆ ಚಚ್ಚಿಕೊಂಡರು. ನಿಜವಾಗಿ ಬೇಕಾದ ದಾರಿಗೆ ದುಡ್ಡಿಲ್ಲ, ಸಾಹೇಬರ ಬೆಂಬಲಿಗರ ಊರಿಗೆ ದಾರಿ ಇದೆ. ಈ ಮಾತು ಎಲ್ಲೋ ಕೇಳಿದ ಹಾಗಿದೆ ಅನ್ನಿಸ್ತಾ? ನನಗೂ ಹಾಗೇ ಅನ್ನಿಸ್ತು. ಇರಲಿ, ಆ ರಾಜಕೀಯದ ಫಲವನ್ನೂ ಇವತ್ತು ಉಣ್ಣುತ್ತಿರುವವರು ಸೈಕ್ಲಿಸ್ಟುಗಳು.

ಇದಕ್ಕೂ ಹಳೆಯ ದಾರಿಗಳಿವೆ, ಕುರಿಗಳದ್ದು. ಕುರಿ ಸಾಕುವವರ ‘ಮೆಸ್ತಾ’ ಅನ್ನೋ ಸಂಘಕ್ಕೆ 1273ರಲ್ಲಿ ರಾಜ ಹತ್ತನೇ ಆಲ್ಫೋನ್ಸೋ ಮಾನ್ಯತೆ ಕೊಟ್ಟ. ಬೇಸಿಗೆಯಲ್ಲಿ ಸೋರಿಯಾದ ಗುಡ್ಡ, ಚಳಿಗಾಲದಲ್ಲಿ ದಕ್ಷಿಣದ ಎಕ್ಸ್‌ತ್ರೆಮದೂರಾ ಬಯಲು. ನಡುವೆ ಎಪ್ಪತ್ತೈದು ಮೀಟರ್ ಅಗಲದ ಕುರಿದಾರಿಗಳು. 1836ರಲ್ಲಿ ಸಂಘ ಮುಚ್ಚಿತು, ಉಣ್ಣೆಯ ದುಡ್ಡೂ ಹೋಯ್ತು. ದಾರಿಗಳು ಮಾತ್ರ ಸಾರ್ವಜನಿಕ ಆಸ್ತಿಯಾಗಿ ಉಳಿದಿವೆ. 1995ರ ಕಾನೂನು ಅವುಗಳ ಮೇಲೆ ನಡೆಯೋದಕ್ಕೂ ಸೈಕಲ್ ಹೊಡೆಯೋದಕ್ಕೂ ಅವಕಾಶ ಕೊಟ್ಟಿದೆ. ಮಣ್ಣುದಾರಿ ಆದ್ದರಿಂದ ಸಣ್ಣ ಟೈರಿನ ರೋಡ್ ಬೈಕಿಗೆ ಆಗಿಬರಲ್ಲ, ಅಷ್ಟೇ.

ಈಗ ಕಥೆಯ ಮುಖ್ಯ ಭಾಗಕ್ಕೆ ಬರೋಣ.

ಟೆರುಯೆಲ್ ಪ್ರಾಂತ್ಯದ ಪೂರ್ವಕ್ಕೆ ಮಾಯೆಸ್ತ್ರಾಸ್ಗೋ ಅನ್ನೋ ಬೆಟ್ಟಸೀಮೆ ಇದೆ. ಅಲ್ಲಿ ಎ-1702 ಅಂತ ಒಂದು ರಸ್ತೆ. ಸುಮಾರು ಅರವತ್ತು ಕಿಲೋಮೀಟರ್ ಉದ್ದ. ಎಹುಲ್ವೆ, ವಿಯ್ಯಾರ್‌ಲುಎಂಗೋ ಅನ್ನೋ ಊರುಗಳ ಮೂಲಕ ಕಾಂತಾವಿಯೇಹಾ ಕಡೆಗೆ ಹೋಗುತ್ತೆ. ದಾರಿಯಲ್ಲಿ ಕಲ್ಲಿನ ಪದರಗಳು ನೆಟ್ಟಗೆ ನಿಂತು ಚರ್ಚಿನ ಆರ್ಗನ್ ವಾದ್ಯದ ಕೊಳವೆಗಳ ಹಾಗೆ ಕಾಣುವ ಒಂದು ಬೆಟ್ಟವಿದೆ. ಅಲ್ಲಿನವರು ಈ ರಸ್ತೆಗೆ ‘ಸೈಲೆಂಟ್ ರೂಟ್’ ಅಂತ ಇಂಗ್ಲಿಷಿನಲ್ಲೇ ಹೆಸರಿಟ್ಟು, ಬೋರ್ಡ್ ಹಾಕಿ ಪ್ರಚಾರ ಮಾಡಿದ್ದಾರೆ. ತಮಾಷೆ ಅಂದ್ರೆ, ಆ ಪ್ರಚಾರ ನೋಡಿ ಬಂದವರಲ್ಲಿ ಮೋಟಾರ್‌ಬೈಕಿನವರೂ ಬಹಳ. ಮೌನದ ದಾರಿಯಲ್ಲಿ ವೀಕೆಂಡ್ ಬಂದರೆ ಸೈಲೆನ್ಸರ್ ಸದ್ದು.

ಈ ರಸ್ತೆಯ ಅಕ್ಕಪಕ್ಕದ ಇಳಿಜಾರುಗಳನ್ನು ನೋಡಿದರೆ ಅಲ್ಲಲ್ಲಿ ಒಂಟಿ ಕಲ್ಲುಮನೆಗಳು. ಇವಕ್ಕೆ ಮಾಸಿಯಾ ಅಂತಾರೆ. ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಹೊಲ, ಕುರಿದೊಡ್ಡಿ, ಕೆಲವಕ್ಕೆ ಸಣ್ಣ ಪ್ರಾರ್ಥನಾ ಮಂದಿರ ಕೂಡ. ಬಹುಪಾಲು ಮಾಸಿಯಾಗಳಲ್ಲಿ ಇದ್ದವರು ಒಡೆಯರಲ್ಲ, ಗೇಣಿಗೆ ಉಳುವ ಕುಟುಂಬಗಳು. ಈ ಮನೆಗಳು ಖಾಲಿಯಾದದ್ದು ಬಡತನ ಒಂದರಿಂದಲೇ ಅಲ್ಲ.

1939ರಲ್ಲಿ ಸ್ಪೇನಿನ ಅಂತರ್ಯುದ್ಧ ಮುಗಿದು ಜನರಲ್ ಫ್ರಾಂಕೋ ಆಡಳಿತ ಬಂತು. ಟೆರುಯೆಲ್ ಆ ಯುದ್ಧದಲ್ಲಿ ಚೆನ್ನಾಗಿ ನಲುಗಿದ ಊರು. 1937ರ ಡಿಸೆಂಬರ್‌ನಿಂದ 1938ರ ಫೆಬ್ರವರಿವರೆಗೆ, ಮೂಳೆ ಕೊರೆಯುವ ಹಿಮದಲ್ಲಿ, ಆ ನಗರಕ್ಕಾಗಿ ಎರಡೂ ಕಡೆಯವರು ಕಾದಾಡಿದ್ದರು. ಯುದ್ಧ ಮುಗಿದರೂ ಸೋತವರಲ್ಲಿ ಕೆಲವರು ಕೈಕಟ್ಟಿ ಕೂರಲಿಲ್ಲ. 1946ರ ಹೊತ್ತಿಗೆ ಈ ಬೆಟ್ಟಗಳಲ್ಲಿ ಕಮ್ಯುನಿಸ್ಟ್ ನೇತೃತ್ವದ ಗೆರಿಲ್ಲಾ ಪಡೆ ಸಂಘಟಿತವಾಯಿತು. ಇವರನ್ನು ‘ಮಾಕಿ’ ಅಂತಾರೆ. ಕಾಡಿನಲ್ಲಿರುವವರಿಗೆ ರೊಟ್ಟಿ ಬೇಕು, ಸುದ್ದಿ ಬೇಕು. ಅದು ಸಿಗೋದು ಎಲ್ಲಿ? ಒಂಟಿ ಮನೆ ಮಾಸಿಯಾದಲ್ಲಿ.

ಈಗ ಆ ಮನೆಯವರ ಪಾಡು ಯೋಚಿಸಿ. ರಾತ್ರಿ ಗೆರಿಲ್ಲಾಗಳು ಬಂದು ಬಾಗಿಲು ತಟ್ಟುತ್ತಾರೆ. ಕೊಡದಿದ್ದರೆ ಕಷ್ಟ. ಬೆಳಗ್ಗೆ ಸಿವಿಲ್ ಗಾರ್ಡ್ ಪೊಲೀಸರು ಬರ್ತಾರೆ. ಕೊಟ್ಟಿದ್ದರೆ ಜೈಲು, ಇಲ್ಲವೇ ಅದಕ್ಕಿಂತ ಕೆಟ್ಟದ್ದು. ಅದು ಸಾಲದು ಅಂತ ಪೊಲೀಸರೇ ಗೆರಿಲ್ಲಾ ವೇಷ ಹಾಕಿಕೊಂಡು ರಾತ್ರಿ ಬಂದು, ಯಾರು ಅನ್ನ ಹಾಕ್ತಾರೆ ಅಂತ ಪರೀಕ್ಷೆ ಮಾಡ್ತಿದ್ದರು. ಬಾಗಿಲು ತಟ್ಟಿದವನು ಯಾರು ಅಂತ ಗೊತ್ತಾಗೋಕೇ ಸಾಧ್ಯ ಇರಲಿಲ್ಲ.

1947ರ ಜುಲೈನಲ್ಲಿ ಜನರಲ್ ಮನುಯೆಲ್ ಪಿಸಾರೋ ಟೆರುಯೆಲ್‌ನ ಗವರ್ನರ್ ಆಗಿ ಬಂದ. ಅವನ ಉಪಾಯ ನೇರವಾದದ್ದು: ಮೀನು ಹಿಡಿಯೋಕೆ ಆಗದಿದ್ದರೆ ಕೆರೆಯನ್ನೇ ಬತ್ತಿಸು. ಮಾಸಿಯಾದವರು ರಾತ್ರಿ ಅಲ್ಲಿರಕೂಡದು, ಊರಿಗೆ ಬಂದು ಮಲಗಬೇಕು, ಮನೆಯ ಬೀಗದ ಕೈ ಒಪ್ಪಿಸಬೇಕು ಅಂತ ಆಜ್ಞೆ. ದನಕರು ಎಲ್ಲಿ ಕಟ್ಟೋದು, ಗಂಟೆಗಟ್ಟಲೆ ನಡೆದು ಹೊಲಕ್ಕೆ ಹೋಗೋದು ಹೇಗೆ ಅನ್ನೋದಕ್ಕೆ ಉತ್ತರ ಯಾರ ಹತ್ತಿರವೂ ಇರಲಿಲ್ಲ. ಕೆಲವು ವರ್ಷಗಳಲ್ಲಿ ಗೆರಿಲ್ಲಾ ಹೋರಾಟ ಕರಗಿತು. 1952ರ ಹೊತ್ತಿಗೆ ಉಳಿದವರು ಫ್ರಾನ್ಸಿಗೆ ದಾಟಿದರು. ಮಾಸಿಯಾದವರಲ್ಲಿ ಕೆಲವರು ಮರಳಿ ಬಂದರು, ಎಷ್ಟೋ ಮಂದಿ ಬರಲೇ ಇಲ್ಲ. ಬಂದವರಿಗೂ ಕರೆಂಟಿಲ್ಲ, ಶಾಲೆಯಿಲ್ಲ, ದಾರಿಯಿಲ್ಲ.

ಅದೇ ಸಮಯಕ್ಕೆ ನಗರ ಕೈಬೀಸಿ ಕರೀತಿತ್ತು. 1959ರಲ್ಲಿ ಫ್ರಾಂಕೋ ಸರ್ಕಾರ ಆರ್ಥಿಕ ಸ್ಥಿರೀಕರಣ ಯೋಜನೆ ತಂದು ಹೊರಗಿನ ಬಂಡವಾಳಕ್ಕೆ ಬಾಗಿಲು ತೆರೆಯಿತು. ಬಾರ್ಸಿಲೋನಾ, ಮ್ಯಾಡ್ರಿಡ್, ಬಿಲ್ಬಾವೋ, ವಲೆನ್ಸಿಯಾ, ಸಾರಗೋಸಾಗಳಲ್ಲಿ ಕಾರ್ಖಾನೆ ಕೆಲಸ. ಇನ್ನು ಕೆಲವರು ಜರ್ಮನಿ, ಫ್ರಾನ್ಸ್, ಸ್ವಿಟ್ಜರ್‌ಲೆಂಡಿಗೆ. ಇತ್ತ ಹಳ್ಳಿಗೆ ಟ್ರ್ಯಾಕ್ಟರ್ ಬಂದು ಹತ್ತು ಆಳಿನ ಕೆಲಸ ಒಬ್ಬನೇ ಮಾಡುವ ಹಾಗಾಯ್ತು. ಇಪ್ಪತ್ತೇ ವರ್ಷದಲ್ಲಿ ಹಳ್ಳಿ ಹಳ್ಳಿಗಳು ಬರಿದಾದವು. ಬರಹಗಾರ ಸೆರ್ಹಿಯೋ ದೆಲ್ ಮೊಲೀನೋ 2016ರಲ್ಲಿ ಇದರ ಮೇಲೆ ಒಂದು ಪುಸ್ತಕ ಬರೆದ, ಹೆಸರು ‘ಲಾ ಎಸ್ಪಾನ್ಯಾ ವಸಿಯಾ’, ಅಂದ್ರೆ ಖಾಲಿ ಸ್ಪೇನ್. ಆ ಹೆಸರು ಮನೆಮಾತಾಯ್ತು. ಆಮೇಲೆ ಹಳ್ಳಿಯವರು ಅದನ್ನೇ ಒಂಚೂರು ತಿದ್ದಿದರು: ‘ವಸಿಯಾ’ ಅಲ್ಲ, ‘ವಸಿಯಾದಾ’. ಖಾಲಿ ಅಲ್ಲ, ಖಾಲಿ ಮಾಡಿದ್ದು. ವ್ಯಾಕರಣದ ಒಂದು ಪ್ರತ್ಯಯದಲ್ಲಿ ಇಷ್ಟೊಂದು ಸಿಟ್ಟು ತುಂಬಬಹುದು ಅಂತ ನನಗೆ ಗೊತ್ತಿರಲಿಲ್ಲ.

‘ಖಾಲಿ ಮಾಡಿದ್ದು’ ಅನ್ನೋ ಮಾತಿಗೆ ಹಾನೊವಾಸ್‌ಗಿಂತ ಸಾಕ್ಷಿ ಬೇಡ. ಇದು ಟೆರುಯೆಲ್ ಅಲ್ಲ, ಇನ್ನೂ ಉತ್ತರಕ್ಕೆ ಪಿರಿನೀಸ್ ಪರ್ವತದ ಬುಡದಲ್ಲಿ, ವೆಸ್ಕಾ ಪ್ರಾಂತ್ಯದ ಆರಾ ನದಿ ಕಣಿವೆ. ಸೈಕ್ಲಿಸ್ಟುಗಳಿಗೆ ಬಹಳ ಪ್ರಿಯವಾದ ಕಣಿವೆ. ಅಲ್ಲಿ ಅಣೆಕಟ್ಟು ಕಟ್ತೀವಿ ಅಂತ 1960ರ ದಶಕದಲ್ಲಿ ಊರಿನ ಜಮೀನು ವಶಪಡಿಸಿಕೊಂಡರು. ಹೋಗದೆ ಕೂತವರ ಮನೆಗಳ ಸುತ್ತ ಖಾಲಿಯಾದ ಮನೆಗಳನ್ನು ಡೈನಮೈಟ್ ಇಟ್ಟು ಉರುಳಿಸಿದರು. 1966ರ ಫೆಬ್ರವರಿಯಲ್ಲಿ ಮಕ್ಕಳು ಒಳಗಿರುವಾಗಲೇ ಶಾಲೆಯ ಬಾಗಿಲು ಒದ್ದು, ಟೀಚರನ್ನು ಹೊರಗೆಳೆದರು. ಆದರೂ ಒಂದು ಕುಟುಂಬ 1984ರವರೆಗೆ ಅಲ್ಲೇ ಜಗ್ಗದೆ ಉಳಿಯಿತು. ಇಷ್ಟೆಲ್ಲ ಆದಮೇಲೆ ಅಣೆಕಟ್ಟು ಕಟ್ಟಿದರಾ? ಇಲ್ಲ. 2001ರಲ್ಲಿ ಪರಿಸರ ಪರಿಶೀಲನೆ ‘ಬೇಡ’ ಅಂತ ತೀರ್ಪು ಕೊಟ್ಟಿತು. ಊರು ಮುಳುಗಲಿಲ್ಲ, ಉರುಳಿತಷ್ಟೇ. ಈಗ ಹಳೇ ಕುಟುಂಬಗಳು ಒಂದೊಂದೇ ಮನೆ ಎತ್ತಿ ಕಟ್ಟುತ್ತಿವೆ.

ಜನ ಹೋದದ್ದು ಒಂದು ಕಾರಣ. ಇನ್ನೊಂದು, ಗಾಡಿಗಳು ಬೇರೆ ಕಡೆ ಹೋದದ್ದು. ಸಗುಂಟೋದಿಂದ ಟೆರುಯೆಲ್ ಮಾರ್ಗವಾಗಿ ಬುರ್ಗೋಸ್‌ವರೆಗೆ ಹೋಗುವ ಎನ್-234 ಅನ್ನೋ ಹಳೇ ರಾಷ್ಟ್ರೀಯ ಹೆದ್ದಾರಿ ಇದೆ. ವಿವೇರ್ ಮತ್ತು ಬರಾಕಾಸ್ ಊರುಗಳ ನಡುವೆ ರಗುಡೋ ಅನ್ನೋ ಏರು. ಒಂದು ಕಾಲದಲ್ಲಿ ಲಾರಿಗಳು ಫಸ್ಟ್ ಗೇರಿನಲ್ಲಿ ಹೊಗೆ ಕಾರುತ್ತಾ ಹತ್ತುತ್ತಿದ್ದ ಜಾಗ, ಹಿಂದೆ ಕಾರುಗಳ ಸಾಲು. ಈ ಶತಮಾನದ ಮೊದಲ ದಶಕದಲ್ಲಿ ಪಕ್ಕದಲ್ಲೇ ಎ-23 ಚತುಷ್ಪಥ ಬಂತು. ಲಾರಿ ಕಾರು ಎಲ್ಲ ಅತ್ತ. ಹಳೇ ರಸ್ತೆ, ಅದರ ಅಗಲವಾದ ಅಂಚಿನ ಸಮೇತ, ಸೈಕಲ್‌ನವರ ಪಾಲಾಯ್ತು. ದೇಶದ ತುಂಬ ಹೀಗೇ. ಎಲ್ಲಿ ಹೊಸ ಚತುಷ್ಪಥ ಬಂತೋ ಅಲ್ಲಿ ಪಕ್ಕದ ಹಳೇ ರಸ್ತೆ ಮೌನವಾಯ್ತು. ಅದರ ಜತೆ ರಸ್ತೆಬದಿಯ ಹೋಟೆಲು, ಪೆಟ್ರೋಲ್ ಬಂಕ್, ಪಂಚರ್ ಅಂಗಡಿಗಳೂ.

ಅಂದಹಾಗೆ, ಹೋಗುವವರಿಗೆ ಒಂದು ಉಪಯೋಗದ ಮಾತು. ಸ್ಪೇನಿನಲ್ಲಿ ರಸ್ತೆ ಸಂಖ್ಯೆಯ ಹಲಗೆಗೆ ಬಣ್ಣ ಇರುತ್ತೆ. ನೀಲಿ ಅಂದ್ರೆ ಚತುಷ್ಪಥ, ಕೆಂಪು ರಾಷ್ಟ್ರೀಯ ಹೆದ್ದಾರಿ, ಆಮೇಲೆ ಕಿತ್ತಳೆ, ಹಸಿರು, ಹಳದಿ ಅಂತ ಇಳೀತಾ ಹೋಗುತ್ತೆ. ಹಸಿರು, ಹಳದಿ ಕಂಡರೆ ಕಣ್ಣುಮುಚ್ಚಿ ಹ್ಯಾಂಡಲ್ ತಿರುಗಿಸಿ. ಕಣ್ಣು ತೆರೆದೇ ಇರಲಿ, ಮಾತಿಗೆ ಹೇಳಿದೆ.

ಅದೇ ರಗುಡೋ ಏರಿನ ಪಕ್ಕದಲ್ಲಿ ಇನ್ನೊಂದು ದಾರಿ ಹಾದುಹೋಗುತ್ತೆ, ಅದು ರೈಲಿನದ್ದು. ಟೆರುಯೆಲ್ ಪ್ರಾಂತ್ಯದಲ್ಲಿ ‘ಓಹೋಸ್ ನೆಗ್ರೋಸ್’ ಅನ್ನೋ ಊರಿದೆ. ಹೆಸರಿನ ಅರ್ಥ ಕಪ್ಪು ಕಣ್ಣುಗಳು. ಅಲ್ಲಿ ಕಬ್ಬಿಣದ ಅದಿರು. ಬಿಲ್ಬಾವೋದ ಉದ್ಯಮಿ ರಾಮೋನ್ ದೆ ಲಾ ಸೋತಾನ ಕಂಪನಿ ಅದನ್ನು ಸಗುಂಟೋ ಬಂದರಿಗೆ ಸಾಗಿಸಬೇಕಿತ್ತು. ಆ ಮಾರ್ಗದಲ್ಲಿ ಆಗಲೇ ಒಂದು ರೈಲು ಕಂಪನಿ ಇತ್ತು, ಆದರೆ ಕೇಳಿದ ಬಾಡಿಗೆ ಹೊಂದಲಿಲ್ಲ. ಸೋತಾ ಏನು ಮಾಡಿದ ಗೊತ್ತಾ? ಅದರ ಪಕ್ಕದಲ್ಲೇ 204 ಕಿಲೋಮೀಟರ್ ತನ್ನದೇ ಹಳಿ ಹಾಕಿಸಿದ. 1907ರಲ್ಲಿ ಅದಿರಿನ ರೈಲು ಓಡಿತು. 1972ರಲ್ಲಿ ಆ ಹಳಿ ನಿಂತಿತು, 1984ರಲ್ಲಿ ಸಗುಂಟೋದ ಊದುಕುಲುಮೆ ಆರಿತು, 1987ರಲ್ಲಿ ಗಣಿಯೇ ಮುಚ್ಚಿತು. ಕುಲುಮೆ ಉಳಿಸಿಕೊಳ್ಳೋಕೆ ಸಗುಂಟೋದ ಕಾರ್ಮಿಕರು ತಿಂಗಳುಗಟ್ಟಲೆ ಬೀದಿಗಿಳಿದಿದ್ದರು, ಉಳಿಯಲಿಲ್ಲ. ಈಗ ಆ ಹಳಿಯ ಜಾಡು ‘ವಿಯಾ ವೆರ್ದೆ’, ಅಂದ್ರೆ ಹಸಿರು ದಾರಿ. 160 ಕಿಲೋಮೀಟರಿಗೂ ಉದ್ದ, ಸ್ಪೇನಿನ ಇಂಥ ದಾರಿಗಳಲ್ಲೇ ದೊಡ್ಡದು. ಅದಿರು ತುಂಬಿದ ರೈಲು ಇಳಿಯಬೇಕಿದ್ದರಿಂದ ಇಳಿಜಾರು ಬಹಳ ಹಗುರ. ಟೆರುಯೆಲ್ ಕಡೆಯಿಂದ ಸಮುದ್ರದ ಕಡೆಗೆ ಹೊರಟರೆ ಬಹುತೇಕ ಇಳುಕಲೇ.

ರೈಲುಗಳ ವಿಷಯ ಬಂದಾಗ 1985ರ ಜನವರಿ 1 ಅನ್ನೋ ದಿನವನ್ನು ಸ್ಪೇನಿನ ಹಳ್ಳಿಯವರು ಮರೆತಿಲ್ಲ. ನಷ್ಟ ಅಂತ ಸರ್ಕಾರ ಅವತ್ತು ಒಂದೇ ಸಲಕ್ಕೆ ಎಷ್ಟೋ ಮಾರ್ಗಗಳಲ್ಲಿ ಪ್ಯಾಸೆಂಜರ್ ರೈಲು ನಿಲ್ಲಿಸಿತು. ಅದರಲ್ಲಿ ಸೋರಿಯಾ ಮೂಲಕ ಹೋಗುತ್ತಿದ್ದ ಸಾಂತಾಂದೆರ್–ಮೆಡಿಟರೇನಿಯನ್ ಮಾರ್ಗವೂ ಒಂದು. ಹೆಸರಿನಲ್ಲಿ ಸಾಂತಾಂದೆರ್ ಇತ್ತು, ರೈಲು ಸಾಂತಾಂದೆರ್ ತಲುಪಲೇ ಇಲ್ಲ. ತಲುಪಿಸೋಕೆ ಅಂತ ಎಂಗಾನ್ಯಾ ಅನ್ನೋ ಕಡೆ ಸುಮಾರು ಏಳು ಕಿಲೋಮೀಟರ್ ಸುರಂಗ ಕೊರೆದರು. ಕೊರೆದವರಲ್ಲಿ ಫ್ರಾಂಕೋ ಸರ್ಕಾರದ ರಾಜಕೀಯ ಕೈದಿಗಳೂ ಇದ್ದರು. 1959ರಲ್ಲಿ ಎರಡೂ ಬದಿ ಸೇರಿತು. ಇವತ್ತಿನವರೆಗೆ ಒಂದು ರೈಲೂ ಅದರೊಳಗೆ ಹೋಗಿಲ್ಲ. 1993ರಿಂದ ಇಂಥ ಸತ್ತ ಹಳಿಗಳನ್ನು ಸೈಕಲ್ ದಾರಿ ಮಾಡುವ ಯೋಜನೆ ಶುರುವಾಗಿ ಈಗ ಮೂರು ಸಾವಿರ ಕಿಲೋಮೀಟರ್ ದಾಟಿದೆ. ಒಳ್ಳೆಯದೇ. ಆದರೆ ಆ ಉದ್ದದ ಒಂದೊಂದು ಕಿಲೋಮೀಟರೂ ಯಾರದ್ದೋ ತಪ್ಪಿದ ರೈಲು ಅನ್ನೋದನ್ನೂ ಲೆಕ್ಕಕ್ಕೆ ಹಿಡೀಬೇಕು.

ಹಾಗಾದ್ರೆ ಉಳಿದ ಜನ ಏನಂತಾರೆ? ಸೈಕಲ್ ಸವಾರ ಊರಿಗೆ ಬಂದು ಕಾರಂಜಿಯಲ್ಲಿ ಬಾಟಲಿ ತುಂಬಿಸಿಕೊಳ್ಳುತ್ತಾನೆ. ಬಾರ್ ಇದ್ದರೆ ಕಾಫಿ. ಎಷ್ಟೋ ಊರಲ್ಲಿ ಬಾರ್ ಮುಚ್ಚಿದೆ. ಕೆಲವು ಕಡೆ ‘ಟೆಲಿಕ್ಲಬ್’ ಉಳಿದಿದೆ: 1960ರ ದಶಕದಲ್ಲಿ ಸರ್ಕಾರ ಹಳ್ಳಿಯವರು ಒಟ್ಟಿಗೆ ಕೂತು ಟೀವಿ ನೋಡಲಿ ಅಂತ ಮಾಡಿದ ಕೋಣೆ. ಟೀವಿ ನೆಪ ಹೋಗಿ ಈಗ ಅದೇ ಊರಿನ ಕಟ್ಟೆ, ಅದೇ ಕಾಫಿ ಅಂಗಡಿ. ಆಗಸ್ಟ್‌ನಲ್ಲಿ ಮಾತ್ರ ನಗರ ಸೇರಿದ ಮಕ್ಕಳು ಮೊಮ್ಮಕ್ಕಳು ಹಬ್ಬಕ್ಕೆ ಬಂದು ಊರು ತುಂಬುತ್ತೆ. ಸೆಪ್ಟೆಂಬರ್ ಬಂತು ಅಂದ್ರೆ ಮತ್ತೆ ಬಾಗಿಲು ಬಂದ್.

ಸೈಕ್ಲಿಸ್ಟ್ ಬಂದರೆ ಅಲ್ಲಿನವರಿಗೆ ಬೇಸರವೇನಿಲ್ಲ. ನಾಲ್ಕು ಕಾಸು, ನಾಲ್ಕು ಮಾತು. ಆದರೆ ನಾವು ‘ಆಹಾ, ಎಂಥ ಶಾಂತಿ’ ಅಂತ ಫೋಟೋ ಹಾಕುವ ಅದೇ ಸ್ಥಿತಿಯನ್ನು ಅವರು ದೂರು ಅಂತ ಬರೆದು ಸರ್ಕಾರಕ್ಕೆ ಕೊಡ್ತಿದ್ದಾರೆ. 1999ರಲ್ಲಿ ‘ಟೆರುಯೆಲ್ ಎಕ್ಸಿಸ್ತೆ’ ಅನ್ನೋ ಚಳವಳಿ ಹುಟ್ಟಿತು. ಅರ್ಥ: ಟೆರುಯೆಲ್ ಇದೆ. ಬೇಡಿಕೆಗಿಂತ ಮೊದಲು ತಾವು ಇದ್ದೀವಿ ಅಂತ ಹೇಳಿಕೊಳ್ಳಬೇಕಾದ ಪರಿಸ್ಥಿತಿ. 2019ರ ಮಾರ್ಚ್ 31ರಂದು ಸೋರಿಯಾದವರನ್ನೂ ಕೂಡಿಕೊಂಡು ಮ್ಯಾಡ್ರಿಡ್ ಬೀದಿಗಳಲ್ಲಿ ದೊಡ್ಡ ಮೆರವಣಿಗೆ ಮಾಡಿದರು. ಅದೇ ವರ್ಷ ನವೆಂಬರ್ ಚುನಾವಣೆಯಲ್ಲಿ ನಿಂತು, ತೊಮಾಸ್ ಗಿತಾರ್ತೆ ಅನ್ನೋ ಒಬ್ಬರನ್ನು ಸಂಸತ್ತಿಗೆ ಕಳಿಸಿದರು. 2020ರ ಜನವರಿ 7ರಂದು ಪೆದ್ರೋ ಸಾಂಚೆಸ್ ಪ್ರಧಾನಿಯಾದದ್ದು 167ಕ್ಕೆ 165 ಮತಗಳಿಂದ. ಆ 167ರಲ್ಲಿ ಒಂದು ಗಿತಾರ್ತೆಯವರದ್ದು. ಕೇಳುವವರೇ ಇಲ್ಲದ ಪ್ರಾಂತ್ಯದ ಒಂದು ಓಟಿಗಾಗಿ ಇಡೀ ದೇಶ ಅವತ್ತು ಕಾದು ಕೂತಿತ್ತು.

ಅವರು ಕೇಳುತ್ತಿರುವುದು ಸಣ್ಣ ಸಣ್ಣ ಸಂಗತಿಗಳು. ಒಳ್ಳೆ ರೈಲು, ಇಂಟರ್ನೆಟ್, ಡಾಕ್ಟರು, ರಸ್ತೆ. ಆ ರಸ್ತೆಗಳಲ್ಲಿ ಒಂದು ಕ್ವೆಂಕಾ ನಗರದಿಂದ ಟೆರುಯೆಲ್‌ಗೆ ಬರಬೇಕಾದ ಎ-40 ಚತುಷ್ಪಥ. ದಶಕಗಳಿಂದ ಕೇಳಿದ್ದಾರೆ, ಆ ತುಂಡು ಆಗಿಲ್ಲ. ಆದ್ದರಿಂದ ಕ್ವೆಂಕಾಕ್ಕೂ ಟೆರುಯೆಲ್‌ಗೂ ನಡುವೆ ಇರೋದು ಹಳೇ ಎನ್-420. ಕಾನ್ಯೆತೆ ದಾಟಿ, ಬೆಟ್ಟ ಹತ್ತಿ ಇಳಿದು, ಅದೆಮುಸ್ ಮೂಲೆಯ ಹೊಳೆದಂಡೆ ಹಿಡಿದು, ಸುಮಾರು ನೂರೈವತ್ತು ಕಿಲೋಮೀಟರ್ ತಿರುವು ತಿರುವಾಗಿ ಹೋಗುವ ರಸ್ತೆ. ಒಂದೇ ದಿನದಲ್ಲಿ ತುಳಿದು ಮುಗಿಸೋಕೆ ಬರುವ ಸೈಕ್ಲಿಸ್ಟುಗಳಿಗೆ ಆ ತಿರುವುಗಳೇ ಬೇಕು. ಆ ದಾರಿಯ ಹಳ್ಳಿಗಳಲ್ಲಿ ಯಾರಿಗಾದರೂ ರಾತ್ರಿ ಎದೆನೋವು ಬಂದರೆ ಆಂಬುಲೆನ್ಸ್ ಬರೋದೂ ಅದೇ ತಿರುವುಗಳಲ್ಲಿ.